ಶಾಲಾ ಮಕ್ಕಳಿಗೆ ಶಾಸ್ತ್ರೀಯ ಸಂಗೀತದ ಇತಿಹಾಸ, ಶೈಲಿಗಳ ಪರಿಚಯ: ಶಿಕ್ಷಕರಿಗೆ ಹಂತ ಹಂತದ ಮಾರ್ಗದರ್ಶಿ

ಶಾಸ್ತ್ರೀಯ ಸಂಗೀತದ ಪಾಠ ಹೆಚ್ಚಿನ ಕಡೆ ಕೆಡುವುದು ಮೊದಲ ಹತ್ತು ನಿಮಿಷದಲ್ಲೇ. ಬೋರ್ಡಿನ ಮೇಲೆ ‘ಸಾಮವೇದ’ ಎಂದು ಬರೆದು ಶುರು ಮಾಡುತ್ತಾರೆ. ಆಮೇಲೆ ಗ್ರಂಥಗಳ ಹೆಸರು, ಇಸವಿ, ಪಿತಾಮಹ, ತ್ರಿಮೂರ್ತಿಗಳು. ಗಂಟೆ ಹೊಡೆಯಲು ಹದಿನೈದು ನಿಮಿಷ ಇರುವಾಗ ಮೊಬೈಲಿನಲ್ಲಿ ಒಂದು ಉದ್ದದ ಆಲಾಪನೆ ಹಾಕುತ್ತಾರೆ. ಅಷ್ಟು ಹೊತ್ತಿಗೆ ಮಕ್ಕಳ ಕಣ್ಣು ಕಿಟಕಿಯ ಆಚೆ ಇರುತ್ತದೆ. ಕೊನೆಗೆ ‘ಈಗಿನ ಮಕ್ಕಳಿಗೆ ಆಸಕ್ತಿಯೇ ಇಲ್ಲ’ ಎಂಬ ದೂರು.

ಇಲ್ಲಿ ಪಾಠದ ಕ್ರಮವೇ ತಲೆಕೆಳಗಾಗಿದೆ. ಮೊದಲು ಕಿವಿ, ಆಮೇಲೆ ಕೈ, ಆಮೇಲೆ ಹೆಸರು, ಕಟ್ಟಕಡೆಗೆ ಇಸವಿ. ಈ ಮಾರ್ಗದರ್ಶಿ ಪೂರ್ತಿ ಅದೇ ಕ್ರಮದಲ್ಲಿದೆ. ಆರರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ, ವಾರಕ್ಕೊಂದು 40 ನಿಮಿಷದ ಪೀರಿಯಡ್ ಸಿಕ್ಕಿದರೆ ಎಂಟು–ಹತ್ತು ವಾರದಲ್ಲಿ ಮುಗಿಸಬಹುದು. ನಿಮಗೆ ಹಾಡಲು ಬರದಿದ್ದರೂ ಪರವಾಗಿಲ್ಲ.

## ಮೊದಲು ಸಿದ್ಧ ಮಾಡಿಕೊಳ್ಳಬೇಕಾದದ್ದು

ಒಂದು ಒಳ್ಳೆಯ ಸ್ಪೀಕರ್ ಬೇಕೇ ಬೇಕು. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ತಂಬೂರಿಯ ಮಂದ್ರ (ಕೆಳಸ್ಥಾಯಿಯ) ತಂತಿ, ಮೃದಂಗದ ಎಡಭಾಗ, ತಬಲಾ ಜೋಡಿಯ ದೊಡ್ಡದಾದ ಡಗ್ಗಾ ಕೇಳಿಸುವುದೇ ಇಲ್ಲ. ಆಮೇಲೆ ‘ಅದನ್ನು ಗಮನಿಸಿ’ ಅಂದರೆ ಮಕ್ಕಳು ಏನನ್ನು ಗಮನಿಸಬೇಕು?

ಶ್ರುತಿಪೆಟ್ಟಿಗೆ ಅಥವಾ ತಂಬೂರಿ ಆ್ಯಪ್, ಒಂದು ಹಾರ್ಮೋನಿಯಂ ಅಥವಾ ಕೀಬೋರ್ಡ್, ಗೋಡೆಗೆ ಅಂಟಿಸಲು ಕರ್ನಾಟಕದ ಭೂಪಟ, ಸುಮಾರು ಒಂಬತ್ತು ಅಡಿ ಉದ್ದದ ಕಾಗದದ ಪಟ್ಟಿ. ಇಷ್ಟು ಸಾಕು.

ಹಾಡುಗಳನ್ನು ಮೊದಲೇ ಇಳಿಸಿ, ಒಂದೂವರೆಯಿಂದ ಮೂರು ನಿಮಿಷದ ತುಣುಕುಗಳಾಗಿ ಕತ್ತರಿಸಿಟ್ಟುಕೊಳ್ಳಿ. ತರಗತಿಯಲ್ಲೇ ಹುಡುಕಲು ಹೊರಟರೆ ನೆಟ್ ಕೈಕೊಡುತ್ತದೆ, ನಡುವೆ ಜಾಹೀರಾತು ಬರುತ್ತದೆ. ಗಮನ ಒಮ್ಮೆ ಚದುರಿದರೆ ಆ ಪೀರಿಯಡ್ ಹೋದಂತೆಯೇ.

## ಹಂತ 1: ಶ್ರುತಿ – ಹೆಸರು ಹೇಳದೆ ಕೇಳಿಸುವುದು

ತರಗತಿಗೆ ಮಕ್ಕಳು ಬರುವ ಮೊದಲೇ ತಂಬೂರಿ ನಾದ ಹಾಕಿಟ್ಟಿರಿ. ಏನೂ ವಿವರಿಸಬೇಡಿ. ಎರಡು ನಿಮಿಷ ಸುಮ್ನೆ ಕೂತು ಕೇಳಲಿ. ಆಮೇಲೆ ಬಾಯಿ ಮುಚ್ಚಿಕೊಂಡೇ ಆ ನಾದಕ್ಕೆ ಸೇರುವ ಹಾಗೆ ‘ಮ್’ ಎನ್ನಲು ಹೇಳಿ.

ಮಕ್ಕಳಿಗೆ ಐದು ಅಥವಾ ಐದೂವರೆ ಮನೆ ಶ್ರುತಿ (ಕೀಬೋರ್ಡಿನ G ಅಥವಾ G#) ಸಾಮಾನ್ಯವಾಗಿ ಹೊಂದುತ್ತದೆ. ಒಂಬತ್ತು, ಹತ್ತನೇ ತರಗತಿಯ ಹುಡುಗರಿಗೆ ಗಂಟಲು ಒಡೆಯುವ ಕಾಲ. ಅವರನ್ನು ಮೇಲಿನ ಸ್ಥಾಯಿಗೆ ಎಳೆಯಬೇಡಿ, ಕೆಳಗೇ ಗುನುಗಲಿ. ಇಲ್ಲಿ ಒಬ್ಬ ಹುಡುಗ ನಗೆಪಾಟಲಾದರೆ ಮುಂದಿನ ಹತ್ತು ವಾರ ಅವನು ಬಾಯಿ ಬಿಡುವುದಿಲ್ಲ.

ಊರಿನಲ್ಲಿ ಯಾರ ಬಳಿಯಾದರೂ ನಿಜವಾದ ತಂಬೂರಿ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ತಂತಿಗಳನ್ನು ಎತ್ತಿ ಹಿಡಿಯುವ ‘ಕುದುರೆ’ ಎಂಬ ಪಟ್ಟಿಯ ಮೇಲೆ, ತಂತಿಯ ಅಡಿಯಲ್ಲಿ ಒಂದು ಎಳೆ ನೂಲು ಇರುತ್ತದೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಮಂಕಾಗಿದ್ದ ನಾದ ಒಮ್ಮೆಲೇ ಝೇಂಕರಿಸುತ್ತದೆ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ನಾಲ್ಕು ತಂತಿಗಳನ್ನು ಒಂದೊಂದಾಗಿ ಮೀಟಿಸಿ: ಮೊದಲನೆಯದು ಪಂಚಮ (ಪ), ನಡುವಿನ ಎರಡು ಷಡ್ಜ (ಸ), ಕೊನೆಯದು ಮಂದ್ರ ಷಡ್ಜ. ಕರ್ನಾಟಕ ಸಂಗೀತಕ್ಕೂ ಹಿಂದುಸ್ತಾನಿಗೂ ಈ ನಾದವೇ ನೆಲ. ಎರಡನ್ನೂ ಒಟ್ಟಿಗೆ ಪರಿಚಯಿಸುವ ನಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ.

ಸಾಮಾನ್ಯ ತಪ್ಪು: ಶ್ರುತಿಯ ವ್ಯಾಖ್ಯೆ ಬರೆಸುವುದು, 22 ಶ್ರುತಿಗಳ ಪಟ್ಟಿ ಕೊಡುವುದು. ಈಗ ಬೇಡ.

## ಹಂತ 2: ತಾಳ – ಕೈಗೆ ಕೆಲಸ ಕೊಡುವುದು

ಆದಿತಾಳದಿಂದ ಶುರು ಮಾಡಿ. ತೊಡೆಯ ಮೇಲೆ ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಅಲ್ಲಿಗೆ ನಾಲ್ಕು. ಮತ್ತೆ ತಟ್ಟು, ಬೀಸು, ತಟ್ಟು, ಬೀಸು. ಒಟ್ಟು ಎಂಟು. ಬಾಯಲ್ಲಿ ‘ತಕಧಿಮಿ ತಕಜಣು’ ಹೇಳಿಸುತ್ತಾ ಹಾಕಿಸಿ. ಕಷ್ಟವಾದರೆ ಎಣಿಸಲಿ.

ಮುಂದಿನ ವಾರ ತೀನ್‌ತಾಲ್. ನಾಲ್ಕು ನಾಲ್ಕರಂತೆ 16 ಮಾತ್ರೆ (ಎಣಿಕೆ). 1, 5, 13ಕ್ಕೆ ಚಪ್ಪಾಳೆ. 9ಕ್ಕೆ ಖಾಲಿ, ಅಂದರೆ ಕೈ ತೆರೆದು ಬೀಸುವುದು. ‘ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ’. ಖಾಲಿ ಬಂದಾಗ ಡಗ್ಗಾದ ಗುಮ್ಮೆನ್ನುವ ಸದ್ದು ತೆಳುವಾಗುತ್ತದೆ. ಒಳ್ಳೆಯ ಸ್ಪೀಕರ್ ಇದ್ದರೆ ಮಕ್ಕಳು ಅದನ್ನು ತಾವೇ ಹಿಡಿಯುತ್ತಾರೆ. ಹೇಳಿಕೊಡಬೇಡಿ, ಕಾಯಿರಿ.

ಇಲ್ಲೇ ಶೈಲಿಗಳ ಮೊದಲ ದೊಡ್ಡ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಎರಡು ವಿಡಿಯೋಗಳನ್ನು ಸದ್ದು ಬಂದ್ ಮಾಡಿ ತೋರಿಸಿ. ಕರ್ನಾಟಕ ಕಛೇರಿಯಲ್ಲಿ ಹಾಡುವವರೇ ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ, ಮೃದಂಗದವರು ಹಾಡಿನ ನಡಿಗೆಯನ್ನು ಹಿಂಬಾಲಿಸುತ್ತಾ ತುಂಬುತ್ತಿರುತ್ತಾರೆ. ಹಿಂದುಸ್ತಾನಿ ಬೈಠಕ್‌ನಲ್ಲಿ ತಾಳ ಕಾಯುವ ಕೆಲಸ ತಬಲಾದ ಠೇಕಾದ್ದು, ಅಂದರೆ ಮತ್ತೆ ಮತ್ತೆ ನುಡಿಸುವ ಗೊತ್ತಾದ ಬೋಲ್‌ಗಳದ್ದು. ಹಾಡುವವರ ಕೈ ಬಿಡುವಾಗಿ ಗಾಳಿಯಲ್ಲಿ ಸ್ವರದ ದಾರಿ ಬರೆಯುತ್ತಿರುತ್ತದೆ. ‘ಇಬ್ಬರ ಕೈ ಏನು ಮಾಡ್ತಿದೆ ನೋಡಿ’ ಎಂದು ಕೇಳಿದರೆ ಆರನೇ ತರಗತಿಯವರೂ ಸರಿಯಾಗಿ ಹೇಳುತ್ತಾರೆ.

ಎಚ್ಚರಿಕೆಯ ಚಿಹ್ನೆ: ಇಡೀ ತರಗತಿ ತಾಳ ಹಾಕುತ್ತಾ ವೇಗ ಏರಿಸುತ್ತಾ ಹೋಗುವುದು. ಹಾಗಾದರೆ ಮಕ್ಕಳು ಕೇಳುತ್ತಿಲ್ಲ, ಬರೀ ತಟ್ಟುತ್ತಿದ್ದಾರೆ ಎಂದರ್ಥ. ಅರ್ಧ ಮಕ್ಕಳು ತಟ್ಟಲಿ, ಅರ್ಧ ಮಕ್ಕಳು ಕಣ್ಣು ಮುಚ್ಚಿ ಕೇಳಲಿ. ಆಮೇಲೆ ಅದಲು ಬದಲು.

## ಹಂತ 3: ರಾಗ – ಕಪ್ಪು ಮನೆಗಳ ಪಾಠ

‘ರಾಗ ಎಂದರೆ ಆರೋಹಣ, ಅವರೋಹಣ’ ಎಂಬ ಒಂದು ವಾಕ್ಯ ಈ ಪಾಠವನ್ನು ಕೊಂದಷ್ಟು ಬೇರೆ ಯಾವುದೂ ಕೊಂದಿಲ್ಲ. ಅದರ ಬದಲು ಕೀಬೋರ್ಡ್ ತೆಗೆಯಿರಿ.

ಕಪ್ಪು ಮನೆಗಳು ಎರಡು, ಮೂರು, ಎರಡು, ಮೂರು ಎಂದು ಗುಂಪಾಗಿರುತ್ತವೆ. ಮೂರರ ಗುಂಪಿನ ಮೊದಲನೆಯದನ್ನು ಷಡ್ಜ ಮಾಡಿಕೊಂಡು ಐದು ಕಪ್ಪು ಮನೆಗಳನ್ನು ವರಸೆಯಾಗಿ ಒತ್ತಿದರೆ ಮೋಹನ ರಾಗದ ಸ್ವರಗಳು ಬರುತ್ತವೆ. ಅದೇ ಗುಂಪಿನ ಎರಡನೆಯದರಿಂದ ಶುರು ಮಾಡಿದರೆ ಮಧ್ಯಮಾವತಿ. ಮೂರನೆಯದರಿಂದ ಹಿಂದೋಳ. ಒತ್ತಿದ್ದು ಅವೇ ಐದು ಮನೆಗಳು, ಬಂದದ್ದು ಮೂರು ಬೇರೆ ಬೇರೆ ಲೋಕ. ಷಡ್ಜ ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂಬುದು ಮಾತಿಲ್ಲದೆ ಅರ್ಥವಾಗುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ರಾಗ ಬದಲಿಸಿದಾಗ ತಂಬೂರಿಯನ್ನೂ ಬದಲಿಸಬೇಕು. ಮೋಹನಕ್ಕೆ ನಾಲ್ಕೂವರೆ ಮನೆ (F#), ಮಧ್ಯಮಾವತಿಗೆ ಐದೂವರೆ (G#), ಹಿಂದೋಳಕ್ಕೆ ಆರೂವರೆ (A#). ಹಳೇ ಶ್ರುತಿಯೇ ನಡೆಯುತ್ತಿದ್ದರೆ ನೀವು ಎಲ್ಲಿಂದ ಶುರು ಮಾಡಿದರೂ ಕಿವಿಗೆ ಮೋಹನವೇ ಕೇಳುತ್ತದೆ. ಹಿಂದೋಳದಲ್ಲಿ ಪಂಚಮವೇ ಇಲ್ಲ. ಹಾಗಾಗಿ ತಂಬೂರಿಯ ಪಂಚಮವನ್ನು ಮಧ್ಯಮಕ್ಕೆ (ಮ) ಇಳಿಸಿಕೊಳ್ಳಿ. ಆ್ಯಪ್‌ಗಳಲ್ಲಿ ಇದಕ್ಕೆ ಬೇರೆ ಗುಂಡಿ ಇರುತ್ತದೆ.

ಕೀಬೋರ್ಡ್ ಬರೀ ಸ್ವರಸ್ಥಾನ ತೋರಿಸಲಿಕ್ಕೆ. ಸ್ವರವನ್ನು ಅಲುಗಿಸುವ ಗಮಕ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ. ಇದೇ ಕಾರಣಕ್ಕೆ ಹಾರ್ಮೋನಿಯಂ ಮೇಲೆ ತಕರಾರು ಎದ್ದು, 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಆದ್ದರಿಂದ ಕೀಬೋರ್ಡ್ ಆದ ಕೂಡಲೇ ಹಾಡಿದ್ದನ್ನು ಕೇಳಿಸಿ. ಕರ್ನಾಟಕ ಶೈಲಿಯ ಮೋಹನ, ಹಿಂದುಸ್ತಾನಿಯ ಭೂಪ್, ಒಂದರ ಹಿಂದೆ ಒಂದು. ಸ್ವರಗಳು ಅವೇ. ಮೋಹನದಲ್ಲಿ ಸ್ವರಗಳು ಗಮಕದಲ್ಲಿ ಅಲುಗುವುದು ಜಾಸ್ತಿ. ಭೂಪ್‌ನಲ್ಲಿ ಸ್ವರ ಉದ್ದಕ್ಕೆ ನಿಲ್ಲುತ್ತದೆ, ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ. ಹತ್ತನೇ ತರಗತಿಯವರಾದರೆ ದೇಶ್‌ಕಾರ್ ಕೂಡ ಹಾಕಿ. ಅದಕ್ಕೂ ಭೂಪ್‌ನ ಸ್ವರಗಳೇ, ಆದರೆ ಅದು ಧೈವತದ (ಧ) ಸುತ್ತ, ಮೇಲಿನ ಅರ್ಧದಲ್ಲೇ ಓಡಾಡುತ್ತದೆ.

ಹೆಸರುಗಳ ಬಲೆ. ಎರಡೂ ಪದ್ಧತಿಯಲ್ಲಿ ಹೆಸರು ಒಂದೇ ಇದ್ದರೆ ರಾಗವೂ ಒಂದೇ ಎಂದುಕೊಳ್ಳಬೇಡಿ. ನಮ್ಮ ಹಿಂದೋಳದ ಸ್ವರಗಳು ಹಿಂದುಸ್ತಾನಿಯಲ್ಲಿ ಮಾಲ್‌ಕೌಂಸ್. ಅಲ್ಲಿನ ಹಿಂಡೋಲ್ ಬೇರೆಯೇ ರಾಗ. ಹಿಂದುಸ್ತಾನಿ ಭೈರವಿಯ ಥಾಟ್, ಅಂದರೆ ಮೂಲ ಸ್ವರಗಳ ಗುಂಪು, ನಮ್ಮ ತೋಡಿಯ ಮೇಳಕ್ಕೆ (ನಮ್ಮಲ್ಲಿ ಆ ಗುಂಪಿನ ಹೆಸರು) ಹೊಂದುತ್ತದೆ. ನಮ್ಮ ಭೈರವಿ ಬೇರೆ, ಅವರ ತೋಡಿ ಬೇರೆ. ತುಣುಕು ಹುಡುಕುವಾಗ ಹೆಸರು ನೋಡಿ ಇಳಿಸಿದರೆ ತರಗತಿಯಲ್ಲಿ ಪೇಚಾಟ. ಕಲ್ಯಾಣಿ–ಯಮನ್, ಮಾಯಾಮಾಳವಗೌಳ–ಭೈರವ್ ಜೋಡಿಗಳು ಸುರಕ್ಷಿತ.

## ಹಂತ 4: ಒಂದೇ ಹಾಡು, ಎರಡು ಪದ್ಧತಿ

ಈಗ ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ಪುರಂದರದಾಸರ ಈ ಹಾಡು ಗೊತ್ತಿಲ್ಲದ ಮಗು ತರಗತಿಯಲ್ಲಿ ಇರುವುದು ಅಪರೂಪ. ಕರ್ನಾಟಕ ಶೈಲಿಯವರು ಇದನ್ನು ಹೆಚ್ಚಾಗಿ ಮಧ್ಯಮಾವತಿಯಲ್ಲಿ, ಕೆಲವರು ಶ್ರೀ ರಾಗದಲ್ಲಿ ಹಾಡುತ್ತಾರೆ. ಹಿಂದುಸ್ತಾನಿ ಗಾಯಕ ಭೀಮಸೇನ ಜೋಶಿಯವರು ಹಾಡಿದ್ದೂ ಎಲ್ಲ ಕಡೆ ಸಿಗುತ್ತದೆ. ಎರಡನ್ನೂ ಮೂರು ಮೂರು ನಿಮಿಷ ಕೇಳಿಸಿ.

ಆಮೇಲೆ ಒಂದು ಹಾಳೆ ಕೊಡಿ. ಅದರಲ್ಲಿ ಮೂರೇ ಪ್ರಶ್ನೆ. ಸಾಲುಗಳನ್ನು ಎಷ್ಟು ಬಗೆಯಲ್ಲಿ ತಿರುಗಿಸಿ ಹಾಡಿದರು? ಮಾತಿಲ್ಲದೆ ಬರೀ ‘ಆ’ಕಾರದಲ್ಲಿ ಎಲ್ಲಿ ಹಾಡಿದರು? ಜೊತೆಗೆ ಯಾವ ವಾದ್ಯಗಳಿದ್ದವು? ಇದಕ್ಕಿಂತ ಜಾಸ್ತಿ ಕೇಳಿದರೆ ಮಕ್ಕಳು ಹಾಡು ಬಿಟ್ಟು ಹಾಳೆ ತುಂಬುತ್ತಾರೆ.

ಇದಾದ ಮೇಲೆ ರಚನೆಗಳಿಗೆ ಬನ್ನಿ. ಕರ್ನಾಟಕ ಪದ್ಧತಿಯ ಒಂದು ಕೃತಿ ಹಾಕಿ. ಮೈಸೂರು ವಾಸುದೇವಾಚಾರ್ಯರ ಖಮಾಸ್ ರಾಗದ ‘ಬ್ರೋಚೇವಾರೆವರುರಾ’ ಒಳ್ಳೆಯದು, ಮಕ್ಕಳ ಕಿವಿಗೆ ಬೇಗ ಹತ್ತುತ್ತದೆ. ಪಲ್ಲವಿ, ಅನುಪಲ್ಲವಿ, ಚರಣ ಶುರುವಾದ ಕಡೆ ಕೈ ಎತ್ತಲು ಹೇಳಿ. ಆಮೇಲೆ ಹಿಂದುಸ್ತಾನಿಯ ಒಂದು ಖಯಾಲ್: ವಿಲಂಬಿತದ (ನಿಧಾನದ) ಎರಡು ನಿಮಿಷ, ದ್ರುತ್‌ನ (ವೇಗದ) ಎರಡು ನಿಮಿಷ. ಕೃತಿಯಲ್ಲಿ ರಚನೆಯೇ ದೊಡ್ಡದು. ಒಂದೇ ಸಾಲನ್ನು ಬಗೆಬಗೆಯಾಗಿ ತಿರುಗಿಸುವ ಸಂಗತಿಗಳು ಅದರ ಮೇಲೇ ಬೆಳೆಯುತ್ತವೆ, ವಾಗ್ಗೇಯಕಾರನ (ಹಾಡು ಕಟ್ಟಿದವನ) ಹೆಸರು ಮುಖ್ಯ. ಖಯಾಲಿನ ಬಂದಿಶ್ (ರಚನೆ) ಸ್ಥಾಯಿ, ಅಂತರಾ ಎಂಬ ಎರಡು ಭಾಗಗಳ ಕೆಲವೇ ಸಾಲು. ಉಳಿದದ್ದನ್ನೆಲ್ಲ ಹಾಡುವವರು ಆ ಹೊತ್ತಿನಲ್ಲೇ ಕಟ್ಟುತ್ತಾ ಹೋಗುತ್ತಾರೆ. ಕರ್ನಾಟಕ ಪದ್ಧತಿಯಲ್ಲೂ ರಾಗಾಲಾಪನೆ, ನೆರವಲ್, ಕಲ್ಪನಾಸ್ವರದಂತಹ ಮನೋಧರ್ಮದ, ಅಂದರೆ ಆ ಹೊತ್ತಿನಲ್ಲೇ ಕಟ್ಟುವ, ಭಾಗಗಳಿವೆ. ‘ಒಂದು ಬರೆದಿಟ್ಟದ್ದು, ಇನ್ನೊಂದು ಕಲ್ಪನೆ’ ಎಂದು ಸೀಳಿ ಹೇಳಬೇಡಿ.

ನಗು ಬಂದರೆ? ಮೊದಲ ತಾನ್ (ವೇಗವಾಗಿ ಓಡುವ ಸ್ವರಗಳ ಸಾಲು) ಕೇಳಿದಾಗ ಮಕ್ಕಳು ನಗುತ್ತಾರೆ. ಗದರಿಸಬೇಡಿ. ‘ಸರಿ, ನೀವೂ ಮಾಡಿ ನೋಡೋಣ’ ಎಂದು ಒಂದು ಚಿಕ್ಕ ಸರಿಗಪ ‘ಆ’ಕಾರದಲ್ಲಿ ವೇಗವಾಗಿ ಹಾಡಿಸಿ. ಎಷ್ಟು ಕಷ್ಟ ಎಂದು ಗೊತ್ತಾದ ಮೇಲೆ ಅದೇ ತುಣುಕನ್ನು ಬೇರೆ ಮುಖದಿಂದ ಕೇಳುತ್ತಾರೆ.

## ಹಂತ 5: ಘರಾಣೆ, ಬಾನಿ – ಭೂಪಟದ ಮೇಲೆ

ಘರಾಣೆ ಎಂದರೆ ಹಿಂದುಸ್ತಾನಿಯಲ್ಲಿ ಗುರುಪರಂಪರೆಯಿಂದ ಬಂದ ಹಾಡುವ ಶೈಲಿ. ಎಲ್ಲ ಘರಾಣೆಗಳ ಪಟ್ಟಿ ಬೇಡ. ಎರಡೇ ಸಾಕು, ಅದೂ ನಮ್ಮ ನೆಲದಲ್ಲೇ ಸಿಗುತ್ತವೆ. ಭೂಪಟದಲ್ಲಿ ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಗದಗಕ್ಕೆ ಚುಕ್ಕಿ ಇಡಿಸಿ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಕಿರಾಣಾ ಘರಾಣೆಯವರು. ಮಲ್ಲಿಕಾರ್ಜುನ ಮನಸೂರರು ಜೈಪುರ–ಅತ್ರೌಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು.

ಕಿರಾಣಾದ ತುಣುಕಿನಲ್ಲಿ ಒಂದೊಂದೇ ಸ್ವರ ನಿಧಾನವಾಗಿ ಬೆಳೆಯುವುದನ್ನು ಗಮನಿಸಲು ಹೇಳಿ. ಮನಸೂರರದ್ದರಲ್ಲಿ ಲಯದ ಜೊತೆ ಹೆಣೆದುಕೊಂಡೇ ಓಡುವ ತಾನ್‌ಗಳು, ಅಪರೂಪದ ಜೋಡು ರಾಗಗಳು. ಗಂಗೂಬಾಯಿಯವರ ಗಂಭೀರ ದನಿ ಕೇಳಿ ‘ಇದು ಗಂಡಸರಾ?’ ಎಂದು ಕೇಳುವ ಮಗು ಖಂಡಿತ ಇರುತ್ತದೆ. ಒಳ್ಳೆಯ ಪ್ರಶ್ನೆ. ಹೆಂಗಸರ ದನಿ ತೆಳ್ಳಗೇ ಇರಬೇಕೆಂದು ಯಾರು ಹೇಳಿದ್ದು ಎಂದು ಅಲ್ಲೇ ಮಾತಾಡಿ.

ಇನ್ನೊಂದು ಚುಕ್ಕಿ ಮೈಸೂರಿಗೆ. ವೀಣೆ ಶೇಷಣ್ಣನವರ ಮೈಸೂರು ಬಾನಿ (ಕರ್ನಾಟಕ ಸಂಗೀತದಲ್ಲಿ ಶೈಲಿಗೆ ಹೇಳುವ ಹೆಸರು), ಪಿಟೀಲು ಚೌಡಯ್ಯನವರ ಏಳು ತಂತಿಯ ಪಿಟೀಲು. ಒಂದೇ ರಾಜ್ಯದ ಉತ್ತರದಲ್ಲಿ ಹಿಂದುಸ್ತಾನಿ, ದಕ್ಷಿಣದಲ್ಲಿ ಕರ್ನಾಟಕ ಸಂಗೀತ ಯಾಕೆ ಎಂದು ಮಕ್ಕಳೇ ಕೇಳುವಂತೆ ಭೂಪಟ ಮಾಡುತ್ತದೆ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮರಾಠಿ ನಾಟಕ ಕಂಪನಿಗಳು ಬಂದು ಹೋಗುತ್ತಿದ್ದವು. ಮಿರಜಿನಲ್ಲಿ ನೆಲೆಸಿದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಹೋಗಿ ಬರುತ್ತಾ ಈ ಭಾಗದಲ್ಲಿ ಶಿಷ್ಯರನ್ನು ಬೆಳೆಸಿದರು. ಅವರೇ ತ್ಯಾಗರಾಜರ ಖರಹರಪ್ರಿಯ ಕೃತಿ ‘ರಾಮ ನೀ ಸಮಾನಮೆವರು’ ಹಾಡಿ ರೆಕಾರ್ಡ್ ಕೊಟ್ಟಿದ್ದಾರೆ. ಎರಡು ಪದ್ಧತಿಗಳ ನಡುವೆ ಗೋಡೆ ಇದೆ ಎಂದುಕೊಂಡ ಮಗುವಿಗೆ ಆ ಮೂರು ನಿಮಿಷ ಕೇಳಿಸಿ.

## ಹಂತ 6: ಇತಿಹಾಸ – ಈಗಿನಿಂದ ಹಿಂದಕ್ಕೆ

ಇಸವಿಗಳಿಗೆ ಜಾಗ ಈಗ. ಒಂಬತ್ತು ಅಡಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಒಂದು ಶತಮಾನಕ್ಕೆ ಒಂದು ಅಡಿಯಂತೆ ಗುರುತು ಹಾಕಿ. ಬಲತುದಿ ಇವತ್ತು, ಎಡತುದಿ 1200. ಬಲದಿಂದ ಶುರು ಮಾಡಿ.

ಮೊದಲ ಚೀಟಿ 1902: ಕೋಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ ಗ್ರಾಮಫೋನ್ ರೆಕಾರ್ಡು. ಹಾಡಿನ ಕೊನೆಗೆ ಅವರು ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗಿ ಹೇಳುವುದನ್ನು ಮಕ್ಕಳು ಮತ್ತೆ ಮತ್ತೆ ಹಾಕಿಸುತ್ತಾರೆ. ಅವರು ಕೊನೆಗಾಲ ಕಳೆದದ್ದು ಮೈಸೂರಿನಲ್ಲಿ, ತೀರಿಕೊಂಡದ್ದು 1930ರಲ್ಲಿ ಅಲ್ಲೇ.

ಆಮೇಲೆ ಗುರುಗಳ ಸಾಲು ಕಟ್ಟಿಸಿ. ವಾಸುದೇವಾಚಾರ್ಯರು (1865–1961) ಕಲಿತದ್ದು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ. ಅಯ್ಯರ್ ಕಲಿತದ್ದು ಮಾನಂಬುಚಾವಡಿ ವೆಂಕಟಸುಬ್ಬಯ್ಯರ ಬಳಿ. ವೆಂಕಟಸುಬ್ಬಯ್ಯರ ಗುರು ತ್ಯಾಗರಾಜರು (1767–1847). ನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದು ಹೆಸರು ಕೊಟ್ಟು ಕೈ ಹಿಡಿಸಿ. ಸುಮಾರು ಇನ್ನೂರು ವರ್ಷ ನಾಲ್ಕೇ ಜನರಲ್ಲಿ ಮುಗಿಯಿತು. ಇನ್ನೊಂದು ಸಾಲು ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವ, ಭೀಮಸೇನ ಜೋಶಿ. ಮಕ್ಕಳಿಗೆ ಇತಿಹಾಸ ಹತ್ತಿರ ಬರುವುದು ಇಲ್ಲಿ. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ, ಅವಸರ ಬೇಡ.

ಉಳಿದ ಚೀಟಿಗಳು ಬೇಗ ಆಗುತ್ತವೆ. ಶ್ಯಾಮಾಶಾಸ್ತ್ರಿ, ಮುತ್ತುಸ್ವಾಮಿ ದೀಕ್ಷಿತರು ತ್ಯಾಗರಾಜರ ಕಾಲದವರೇ, ಪಕ್ಕದಲ್ಲೇ ಅಂಟಿಸಿ. ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಮೂಲಕ ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂತು. 18ನೇ ಶತಮಾನದಲ್ಲಿ ದೆಹಲಿಯ ಮುಹಮ್ಮದ್ ಷಾ ಆಸ್ಥಾನದ ಸದಾರಂಗರ ಖಯಾಲ್‌ಗಳು. 17ನೇ ಶತಮಾನದಲ್ಲಿ ವೆಂಕಟಮಖಿಯ ‘ಚತುರ್ದಂಡಿ ಪ್ರಕಾಶಿಕೆ’, 72 ಮೇಳಗಳ ಲೆಕ್ಕ. 1550ರಲ್ಲಿ ವಿಜಯನಗರದಲ್ಲಿ ರಾಮಾಮಾತ್ಯನ ‘ಸ್ವರಮೇಳಕಲಾನಿಧಿ’. ಅದೇ ಶತಮಾನದಲ್ಲಿ ಪುರಂದರದಾಸರು (1484–1564), ಅಕ್ಬರನ ಆಸ್ಥಾನದಲ್ಲಿ ತಾನ್‌ಸೇನ್. ಎಡತುದಿಯ ಬಳಿ 13ನೇ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’. ಮತಂಗನ ‘ಬೃಹದ್ದೇಶಿ’, ಭರತನ ‘ನಾಟ್ಯಶಾಸ್ತ್ರ’ ಪಟ್ಟಿಯ ಆಚೆ, ಬರೀ ಗೋಡೆಯ ಮೇಲೆ.

ಒಂದು ನಿಯಮ ಬಿಡಬೇಡಿ: ಮಕ್ಕಳು ಕೇಳಿರುವ ಯಾವುದಾದರೂ ಒಂದಕ್ಕೆ ಕೊಂಡಿ ಹಾಕಲಾಗದ ಚೀಟಿ ಪಟ್ಟಿಗೆ ಹೋಗಬಾರದು. ಪುರಂದರದಾಸರ ಚೀಟಿ ಅಂಟಿಸುವಾಗ ಮಾಯಾಮಾಳವಗೌಳದ ಸರಳೆ ವರಸೆ ಹಾಡಿಸಿ. ಈ ರಾಗದಲ್ಲಿ ಮೊದಲ ಪಾಠ ಶುರು ಮಾಡುವ ಕ್ರಮ ಅವರದ್ದೆಂದೇ ಪರಂಪರೆ ಹೇಳುತ್ತದೆ.

ಇಲ್ಲಿ ಆಗುವ ತಪ್ಪುಗಳು. ತಾನ್‌ಸೇನ್ ಹಾಡಿ ದೀಪ ಹಚ್ಚಿದ್ದು, ಪುರಂದರದಾಸರ ಹೆಂಡತಿಯ ಮೂಗುತಿಯ ಪ್ರಸಂಗ, ಎಲ್ಲ ಹೇಳಿ, ಆದರೆ ಕಥೆ ಎಂದೇ ಹೇಳಿ. ಸಿತಾರ್, ತಬಲಾ ಎರಡನ್ನೂ ಅಮೀರ್ ಖುಸ್ರೋ ಕಂಡುಹಿಡಿದರು ಎಂಬುದಕ್ಕೆ ಆಧಾರವಿಲ್ಲ. ‘ಕರ್ನಾಟಕ ಸಂಗೀತ ಶುದ್ಧ, ಹಿಂದುಸ್ತಾನಿ ಹೊರಗಿನಿಂದ ಬಂದದ್ದು’ ಎಂಬ ಮಾತನ್ನಂತೂ ತರಗತಿಗೆ ತರಲೇಬೇಡಿ. ‘ಸಂಗೀತ ರತ್ನಾಕರ’ವನ್ನು ಎರಡೂ ಪದ್ಧತಿಯವರು ತಮ್ಮ ಮೂಲಗ್ರಂಥ ಎಂದು ಒಪ್ಪುತ್ತಾರೆ.

## ಹಂತ 7: ಎದುರಿಗೆ ಕೂತು ಕೇಳುವುದು

ಒಬ್ಬ ಸ್ಥಳೀಯ ಕಲಾವಿದರನ್ನು ಕರೆಸಿ. ಸಂಭಾವನೆ ಮೊದಲೇ ಮಾತಾಡಿ, ‘ಮಕ್ಕಳಿಗಾಗಿ’ ಎಂದು ಪುಕ್ಕಟೆ ಹಾಡಿಸಬೇಡಿ. 40 ನಿಮಿಷ ಮೀರದಿರಲಿ. ಭಾಷಣ, ಹಾರ, ಶಾಲು ಹತ್ತಿರವೂ ಬೇಡ. ಆ ಹೊತ್ತನ್ನೆಲ್ಲ ಹಾಡಿಗೆ ಕೊಡಿ. ಚಿಕ್ಕ ಕೋಣೆಯಾದರೆ ಮೈಕೂ ಬೇಡ. ಮಕ್ಕಳು ನೆಲದ ಮೇಲೆ ಹತ್ತಿರ ಕೂರಲಿ, ಬೆರಳು ಕಾಣಬೇಕು.

ಬೆಂಗಳೂರಿನವರಿಗೆ ರಾಮನವಮಿಯ ಸಮಯದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಕಛೇರಿಗಳಿವೆ. ಮಕ್ಕಳನ್ನು ಪೂರ್ತಿ ಮೂರು ಗಂಟೆ ಕೂರಿಸಬೇಡಿ. ಶುರುವಿನ ವರ್ಣದಿಂದ ಎರಡನೇ ಕೃತಿಯವರೆಗೆ ಒಂದು ದಿನ, ತನಿ ಆವರ್ತನಕ್ಕೆ (ಮೃದಂಗದಂತಹ ತಾಳವಾದ್ಯಗಳಷ್ಟೇ ನುಡಿಯುವ ಭಾಗಕ್ಕೆ) ಇನ್ನೊಂದು ದಿನ.

## ಹಂತ 8: ಕಲಿತದ್ದನ್ನು ನೋಡುವುದು

ಐದು ತುಣುಕು ಹಾಕಿ. ಪ್ರತಿಯೊಂದಕ್ಕೂ ಕರ್ನಾಟಕವೋ ಹಿಂದುಸ್ತಾನಿಯೋ, ಯಾಕೆ ಹಾಗನ್ನಿಸಿತು, ಎರಡು ಸಾಲು ಬರೆಯಲಿ. ‘ಯಾಕೆ’ಗೆ ಜಾಸ್ತಿ ಅಂಕ. ‘ತಬಲಾ ಇತ್ತು’ ಎಂದು ಬರೆದರೆ ಒಂದು ಅಂಕ. ‘ಸ್ವರ ನಿಂತು ಜಾರಿತು, ಗಮಕ ಕಡಿಮೆ’ ಎಂದರೆ ಪೂರ್ತಿ. ಒಂದು ತುಣುಕಾದರೂ ಬರೀ ಪಿಟೀಲಿನದ್ದಿರಲಿ, ಪಿಟೀಲು ಎರಡೂ ಕಡೆ ಇದೆ.

ಉತ್ತರಪತ್ರಿಕೆ ನೋಡುವಾಗ ಮೂರು ಚಿಹ್ನೆಗಳಿಗೆ ಎಚ್ಚರ. ಎಲ್ಲರೂ ‘ಚೆನ್ನಾಗಿದೆ’ ಎಂದೇ ಬರೆದಿದ್ದರೆ ನಿಮ್ಮ ಪ್ರಶ್ನೆ ಅಗಲವಾಗಿದೆ. ಇಸವಿ ಸರಿ, ತುಣುಕು ತಪ್ಪು ಎಂದಾದರೆ ಮೂರನೇ ಹಂತಕ್ಕೆ ಮರಳಿ. ಮನೆಯಲ್ಲಿ ಸಂಗೀತ ಕಲಿಯುವ ಮಕ್ಕಳು ಮಾತ್ರ ಸರಿ ಬರೆದಿದ್ದರೆ, ಮುಂದಿನ ಸುತ್ತಿನಲ್ಲಿ ಪ್ರಶ್ನೆಗಳನ್ನು ಮೊದಲು ಹಿಂದಿನ ಬೆಂಚಿನವರಿಗೆ ಕೇಳಿ. ಸಂಗೀತ ಕಲಿಯುವವರಿಗೆ ತಂಬೂರಿ ನೋಡಿಕೊಳ್ಳುವ, ತಾಳ ಹಿಡಿಯುವ ಕೆಲಸ ಕೊಡಿ.